ಓದುಗರ ಪ್ರಶ್ನೆ: ಏರ್ ರೈಫಲ್‌ಗೆ ಮೊದಲ ಸ್ಕೋಪ್ ಯಾವುದಿರಲಿ?

ಪ್ರಶ್ನೆ: ನಿವೃತ್ತಿಯಾದ ಮೇಲೆ ಹವ್ಯಾಸಕ್ಕೆಂದು, ನಳಿಕೆ ಮಡಚಿ ಸ್ಪ್ರಿಂಗ್ ಎಳೆಯುವ 0.177 ಬೋರಿನ ಏರ್ ರೈಫಲ್ ಕೊಂಡಿದ್ದೇನೆ. ಮನೆಯ ಹಿಂದಿನ ಮಣ್ಣಿನ ಬರೆಗೆ ಕಾಗದದ ಗುರಿ ಒರಗಿಸಿ, 10ರಿಂದ 25 ಮೀಟರ್ ದೂರದಿಂದ ಹೊಡೆಯುತ್ತೇನೆ. ಚಾಳೀಸು ಬಂದ ಕಣ್ಣಿಗೆ ಹಿಂಬದಿಯ ಸೈಟ್ ಮಸುಕಾಗಿ ಕಾಣುವುದರಿಂದ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಹಾಕಿಸಬೇಕೆಂದಿದ್ದೇನೆ. ಅಂಗಡಿಯವರು 6-24×50 ಸ್ಕೋಪನ್ನೇ ಕೊಳ್ಳಿ ಎನ್ನುತ್ತಾರೆ. ಮಗ 4×32 ಸಾಕು ಎನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮಗನ ಮಾತು ಕೇಳಿ, ಆದರೆ ಅಂಗಡಿಯಲ್ಲಿ ಇನ್ನೆರಡು ವಿಷಯ ವಿಚಾರಿಸಿಯೇ ಹಣ ಕೊಡಿ.

ಸ್ಕೋಪ್ ಹಾಕಿಸುವ ನಿಮ್ಮ ನಿರ್ಧಾರವೇನೋ ಸರಿಯಾಗಿದೆ. ಮಾಮೂಲಿ ಸೈಟಿನಲ್ಲಿ ಹಿಂಬದಿಯ ಕಚ್ಚು, ನಳಿಕೆಯ ತುದಿಯ ಮೊಳೆ ಮತ್ತು ಗುರಿ ಈ ಮೂರನ್ನೂ ಕಣ್ಣು ಮೂರು ದೂರಗಳಲ್ಲಿ ನೋಡಬೇಕಾಗುತ್ತದೆ. ಐವತ್ತು ದಾಟಿದ ಕಣ್ಣಿಗೆ ಅದು ಆಗದ ಕೆಲಸ. ಸ್ಕೋಪಿನಲ್ಲಿ ಗುರಿಯೂ ಕ್ರಾಸ್‌ಹೇರ್ ಗೆರೆಗಳೂ ಒಂದೇ ದೂರದಲ್ಲಿದ್ದಂತೆ ಕಾಣುತ್ತವೆ. 6-24×50 ಎಂದರೆ ಆರರಿಂದ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸುವ, ಮುಂಭಾಗದ ಮಸೂರ 50 ಮಿ.ಮೀ. ಅಗಲವಿರುವ ಸ್ಕೋಪ್. ಇದು ನೂರಾರು ಮೀಟರ್ ದೂರ ಹೊಡೆಯುವವರ ಸರಕು. ಹದಿನೈದು ಮೀಟರಿನಲ್ಲಿ ಅದನ್ನು ಪೂರ್ತಿ ಹಿಗ್ಗಿಸಿದರೆ ಗುರಿಗಿಂತ ಹೆಚ್ಚಾಗಿ ಕಾಣುವುದು ನಿಮ್ಮ ಕೈನಡುಕ ಮತ್ತು ನಾಡಿಬಡಿತ.

ವಿಚಾರಿಸಬೇಕಾದ ಮೊದಲನೆಯ ವಿಷಯ ಪ್ಯಾರಲಾಕ್ಸ್. ಪಕ್ಕದ ಸೀಟಿನಲ್ಲಿ ಕೂತವರಿಗೆ ಸ್ಪೀಡೋಮೀಟರಿನ ಮುಳ್ಳು ಬೇರೆಯೇ ಅಂಕೆಯ ಮೇಲೆ ನಿಂತಂತೆ ಕಾಣುತ್ತದಲ್ಲ, ಅದೇ ದೋಷ ಇದು. ಮದ್ದಿನ ಬಂದೂಕಿಗೆಂದು ಮಾಡಿದ ಹೆಚ್ಚಿನ ಸ್ಕೋಪ್‌ಗಳನ್ನು ಕಾರ್ಖಾನೆಯಲ್ಲಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅಂಥದೊಂದು 40 ಮಿ.ಮೀ. ಮಸೂರದ ಸ್ಕೋಪಿನಲ್ಲಿ 10 ಮೀಟರ್ ದೂರದ ಗುರಿ ನೋಡುವಾಗ ಕಣ್ಣು ನಡುಮಧ್ಯದಿಂದ ಅಂಚಿಗೆ ಸರಿದರೆ, ಲೆಕ್ಕದ ಪ್ರಕಾರ ಸುಮಾರು 18 ಮಿ.ಮೀ.ವರೆಗೂ ಗುರಿ ತಪ್ಪಬಹುದು. ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ಅದನ್ನು ಮುಟ್ಟದೆ ತಲೆಯನ್ನಷ್ಟೇ ಎಡಕ್ಕೂ ಬಲಕ್ಕೂ ಆಡಿಸಿ ನೋಡಿ. ಗೆರೆಗಳು ಕಾಗದದ ಮೇಲೆ ಇರುವೆಯಂತೆ ಹರಿದಾಡಿದರೆ ಆ ಸ್ಕೋಪ್ ನಿಮ್ಮ ದೂರಕ್ಕೆ ಹೊಂದುವುದಿಲ್ಲ. ಆದ್ದರಿಂದ ಮುಂಭಾಗದಲ್ಲೋ ಪಕ್ಕದಲ್ಲೋ ದೂರ ಹೊಂದಿಸುವ ತಿರುಗಣೆ ಇರುವ, 10 ಮೀಟರಿನಷ್ಟು ಹತ್ತಿರದ್ದನ್ನೂ ಸ್ಪಷ್ಟವಾಗಿ ತೋರಿಸುವ 2-7×32 ಅಥವಾ 3-9×40 ಸ್ಕೋಪ್ ಸಿಕ್ಕರೆ ಅತ್ಯುತ್ತಮ. ಅಷ್ಟು ಖರ್ಚು ಬೇಡವೆಂದರೆ, ಏರ್ ರೈಫಲ್‌ಗೆಂದೇ ಸುಮಾರು 30 ಮೀಟರಿಗೆ ಹೊಂದಿಸಿರುವ 4×32 ಸಾಲುತ್ತದೆ.

ಎರಡನೆಯದು ಒದೆತ. ಮದ್ದಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ರೈಫಲಿನಲ್ಲಿ ಪಿಸ್ಟನ್ ಮುಂದಕ್ಕೆ ಚಿಮ್ಮಿದಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಸಿಲಿಂಡರಿನ ಕೊನೆಗೆ ಬಡಿದ ಕ್ಷಣ ಮುಂದಕ್ಕೆ ಜಗ್ಗುತ್ತದೆ. ಹಿಂದೊದೆತವನ್ನಷ್ಟೇ ತಾಳಿಕೊಳ್ಳುವಂತೆ ಮಾಡಿದ ಸ್ಕೋಪಿನ ಒಳಗಿನ ಮಸೂರಗಳು ಈ ಎದುರೇಟಿಗೆ ಸಡಿಲವಾಗುತ್ತವೆ. ನಾನು ಮೊದಲು ಕೊಂಡ ಅಗ್ಗದ ಸ್ಕೋಪ್ ಎರಡನೆಯ ವಾರಕ್ಕೇ ಹೀಗಾಯಿತು: ಬೆಳಿಗ್ಗೆ ಹೊಂದಿಸಿದ್ದು ಸಂಜೆಗೆ ಎರಡು ಬೆರಳು ಎಡಕ್ಕೆ. ತಪ್ಪು ಪೆಲೆಟ್ಟಿನದೆಂದು (ಏರ್ ರೈಫಲಿನ ಸಣ್ಣ ಗುಂಡು) ಮೂರು ಡಬ್ಬಿ ಬದಲಾಯಿಸಿದೆ. ಕೊನೆಗೊಂದು ದಿನ ಸ್ಕೋಪ್ ಬಿಚ್ಚಿ ಕಿವಿಯ ಬಳಿ ಅಲುಗಾಡಿಸಿದಾಗ ಒಳಗೆ ‘ಟಿಕ್ ಟಿಕ್’ ಸದ್ದು ಕೇಳಿಸಿತು. ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳಿ.

ಸ್ಕೋಪ್ ಕೂರಿಸುವ ಮೌಂಟಿನ ವಿಷಯದಲ್ಲಿ ಜಿಪುಣತನ ಬೇಡ. ಏರ್ ರೈಫಲಿನ ಮೇಲೆ ಮೌಂಟ್ ಕಚ್ಚಿಕೊಳ್ಳುವ ಪಟ್ಟಿ ಸಾಮಾನ್ಯವಾಗಿ 11 ಮಿ.ಮೀ. ಅಗಲದ್ದಾಗಿರುತ್ತದೆ, ಅದಕ್ಕಿಂತ ಅಗಲವಾದ ಪಿಕಟಿನಿ ಪಟ್ಟಿಗೆ ಮಾಡಿದ ಮೌಂಟ್ ಅದಕ್ಕೆ ಕೂರುವುದಿಲ್ಲ. ಒದೆತಕ್ಕೆ ಮೌಂಟ್ ಹಿಂದಕ್ಕೆ ಜಾರದಂತೆ ತಡೆಯುವ ಪಿನ್ ಇರುವುದನ್ನೇ ಆರಿಸಿ. ಸ್ಕೋಪಿನ ಹಿಂತುದಿಗೂ ಕಣ್ಣಿಗೂ ಮೂರು ಮೂರೂವರೆ ಅಂಗುಲ ಅಂತರವಿರಲಿ.

ಏಟು ಗುರಿಗೇ ಬೀಳುವಂತೆ ಸ್ಕೋಪ್ ಹೊಂದಿಸುವಾಗ ಹೊಸಬರನ್ನು ಗೊಂದಲಕ್ಕೆ ಕೆಡಹುವುದು ಅದರ ತಿರುಪಿನ ‘ಕ್ಲಿಕ್’. ಸಾಮಾನ್ಯ ಸ್ಕೋಪಿನ ಒಂದು ಕ್ಲಿಕ್ ನೂರು ಮೀಟರಿನಲ್ಲಿ ಸುಮಾರು 7 ಮಿ.ಮೀ. ಸರಿಸುತ್ತದೆ, ನಿಮ್ಮ 20 ಮೀಟರಿನಲ್ಲಿ ಅದು ಒಂದೂವರೆ ಮಿ.ಮೀ. ಮಾತ್ರ. ಪೆಲೆಟ್ 3 ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ ತಿರುಗಿಸಬೇಕಾದ್ದು ಎರಡು ಮೂರು ಕ್ಲಿಕ್ ಅಲ್ಲ, ಇಪ್ಪತ್ತು. ರೈಫಲನ್ನು ಗಟ್ಟಿ ಮೇಜಿನ ಮೇಲೆ ಒತ್ತಿ ಹಿಡಿಯದೆ, ಅಂಗೈ ಮೇಲೆ ಹಗುರವಾಗಿ ಕೂರಿಸಿ ಹೊಡೆಯಿರಿ. ಒತ್ತಿ ಹಿಡಿದರೆ ಏಟು ಬೀಳುವ ಜಾಗವೇ ಬದಲಾಗುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ: ಬೋರು 4.5 ಮಿ.ಮೀ., ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಹಾಗೆಂದು ಸ್ಕೋಪ್ ಬಂದ ಉಮೇದಿನಲ್ಲಿ ತೋಟದ ಹಕ್ಕಿಗಳತ್ತ ತಿರುಗಿಸಬೇಡಿ. 1972ರ ವನ್ಯಜೀವಿ ಕಾಯ್ದೆಗೆ ಕೋವಿ ಯಾವುದೆಂಬ ಭೇದವಿಲ್ಲ.

ಪ್ರಶ್ನೆ: ಎಂಟನೆಯ ತರಗತಿಯ ಮಗಳು 10 ಮೀಟರ್ ಏರ್ ರೈಫಲ್ ತರಬೇತಿಗೆ ಸೇರಿದ್ದಾಳೆ. ಅವಳಿಗೆ ಯಾವ ಸ್ಕೋಪ್ ಕೊಡಿಸಲಿ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಯಾವುದನ್ನೂ ಕೊಡಿಸಬೇಡಿ. ಒಲಿಂಪಿಕ್ಸ್ ಮಾದರಿಯ ಈ ಸ್ಪರ್ಧೆಯಲ್ಲಿ ರೈಫಲ್ ಮೇಲೆ ಹಿಗ್ಗಿಸಿ ತೋರಿಸುವ ಸ್ಕೋಪಿಗೆ ಅವಕಾಶವಿಲ್ಲ. ಅಲ್ಲಿ ಬಳಸುವುದು ಡಯಾಪ್ಟರ್ ಸೈಟ್: ಹಿಂದೆ ಸಣ್ಣ ರಂಧ್ರ, ಮುಂದೆ ಉಂಗುರ, ಉಂಗುರದೊಳಗೆ ಗುರಿಯ ಕಪ್ಪು ವೃತ್ತ. ಆ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ರಂಧ್ರ ಚಿಕ್ಕದಾದಷ್ಟೂ ಹತ್ತಿರದ್ದೂ ದೂರದ್ದೂ ಏಕಕಾಲಕ್ಕೆ ಸ್ಪಷ್ಟವಾಗುತ್ತವೆ, ಆದರೆ ಬೆಳಕು ಕಡಿಮೆಯಾಗುತ್ತದೆ. ರಂಧ್ರದ ಅಳತೆಯನ್ನು ತರಬೇತುದಾರರೇ ನಿಂತು ಹೊಂದಿಸಿಕೊಡಲಿ. ಆ ಹಣದಲ್ಲಿ ಒಳ್ಳೆಯ ಶೂಟಿಂಗ್ ಜಾಕೆಟ್ ಕೊಡಿಸಿ.

ಪ್ರಶ್ನೆ: ಸ್ಕೋಪಿನ ಬದಲು, ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಸೈಟ್ ಆಗಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಡಬ್ಬಿ ಉರುಳಿಸುವ ಆಟಕ್ಕೆ ಆಗಬಹುದು. ಅದು ಹಿಗ್ಗಿಸುವುದಿಲ್ಲ, ಕಣ್ಣಿನಿಂದ ಇಂತಿಷ್ಟೇ ದೂರದಲ್ಲಿರಬೇಕೆಂಬ ಕಟ್ಟೂ ಇಲ್ಲ. ನಿಮಗೆ ಅಸ್ಟಿಗ್ಮ್ಯಾಟಿಸಮ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮನಿಲ್ಲದ ದೃಷ್ಟಿದೋಷ) ಇದ್ದರೆ ಮಾತ್ರ ಆ ಕೆಂಪು ಚುಕ್ಕೆ ದುಂಡಗಿರದೆ, ಬಾಲ ಬಂದಂತೆಯೋ ಕದಡಿದಂತೆಯೋ ಕಾಣಬಹುದು. ಅಂಗಡಿಯಲ್ಲೇ ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಇನ್ನೊಮ್ಮೆ ನೋಡಿ.