ಹೊಸ ನಳಿಗೆಯನ್ನು ಪಳಗಿಸಬೇಕೆ?

ಪ್ರಶ್ನೆ: ನಾನು ಪರವಾನಗಿಯ ಮೇಲೆ ಹೊಸ .30-06 ಬೋಲ್ಟ್ ಆಕ್ಷನ್ ರೈಫಲ್ ಕೊಂಡಿದ್ದೇನೆ. ಮೊದಲ ಐವತ್ತು ತೋಟಾಗಳವರೆಗೂ ಒಂದೊಂದು ಗುಂಡು ಹಾರಿಸಿದ ಮೇಲೆ ನಳಿಗೆಯನ್ನು ಪೂರ್ತಿ ಶುಚಿ ಮಾಡಲೇಬೇಕೆಂದು ಹಿರಿಯ ಶೂಟರ್ ಒಬ್ಬರು ಹೇಳುತ್ತಾರೆ. ಅದೆಲ್ಲ ತೋಟಾ ದಂಡ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತನ್ನು ನಂಬಲಿ?
— ಹೆಸರು ಬೇಡವೆಂದ ಓದುಗರು, ಜಯನಗರ, ಬೆಂಗಳೂರು

ಉತ್ತರ: ನಿಮ್ಮ ರೈಫಲ್‌ಗೆ ಹತ್ತು ಹನ್ನೆರಡು ತೋಟಾಗಳಷ್ಟು ಪಳಗಿಸುವಿಕೆ ಸಾಕು, ಐವತ್ತು ಖಂಡಿತ ಬೇಡ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ತಿಳಿಯಬೇಕಾದರೆ ನಳಿಗೆಯೊಳಗೆ ನಡೆಯುವುದೇನೆಂದು ನೋಡಬೇಕು.

ತೋಟಾ ಕೂರುವ ಚೇಂಬರ್ ಮುಗಿದು ಸುರುಳಿ ಗೀರುಗಳು ಆರಂಭವಾಗುವ ಚಿಕ್ಕ ಜಾಗವನ್ನು ಶೂಟರ್‌ಗಳು ಥ್ರೋಟ್ ಎನ್ನುತ್ತಾರೆ. ಚೇಂಬರನ್ನು ಕೊರೆಯುವ ರೀಮರ್ ತಿರುಗುತ್ತಾ ಕೊರೆಯುವುದರಿಂದ ಅಲ್ಲಿ ಉಳಿಯುವ ಸೂಕ್ಷ್ಮ ಗೆರೆಗಳು ಗುಂಡು ಸಾಗುವ ದಿಕ್ಕಿಗೆ ಅಡ್ಡಲಾಗಿರುತ್ತವೆ. ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 850 ಮೀಟರ್ ವೇಗ ತಲುಪುವ ಗುಂಡಿನ ತಾಮ್ರದ ಹೊದಿಕೆಯನ್ನು ಈ ಗೆರೆಗಳು ತುರಿಮಣೆಯ ಹಲ್ಲುಗಳಂತೆ ಕೆರೆಯುತ್ತವೆ. ಕೆರೆದ ತಾಮ್ರವು ಉರಿಯುವ ಅನಿಲದೊಡನೆ ಮುಂದಕ್ಕೆ ಸಾಗಿ ನಳಿಗೆಯ ಉಳಿದ ಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಒಮ್ಮೆ ಮೆತ್ತಿದ ತಾಮ್ರದ ಮೇಲೆ ಮುಂದಿನ ಗುಂಡಿನ ತಾಮ್ರ ಇನ್ನಷ್ಟು ಸುಲಭವಾಗಿ ಕೂರುತ್ತದೆ. ಗುಂಡುಗಳ ಉಜ್ಜಾಟದಿಂದ ಥ್ರೋಟ್‌ನ ಗೆರೆಗಳು ನಯವಾಗುವವರೆಗೆ ಈ ಪದರ ಬೆಳೆಯದಂತೆ ಆಗಾಗ ತೆಗೆಯುವುದೇ ಪಳಗಿಸುವಿಕೆಯ ಉದ್ದೇಶ. ಇಲ್ಲಿ ಉಕ್ಕನ್ನು ನಯಗೊಳಿಸುವುದು ಗುಂಡೇ ಹೊರತು ನಿಮ್ಮ ಬ್ರಷ್ ಅಲ್ಲ.

ಹೀಗಾಗಿ ಎಷ್ಟು ಗುಂಡು ಬೇಕೆಂಬುದು ನಳಿಗೆಯನ್ನು ಅವಲಂಬಿಸಿದೆ. ತಯಾರಕರೇ ಕೈಯಿಂದ ಲ್ಯಾಪ್ ಮಾಡಿದ, ಅಂದರೆ ಒಳಮೈಯನ್ನು ಉದ್ದುದ್ದಕ್ಕೆ ಉಜ್ಜಿ ನಯಗೊಳಿಸಿದ ನಳಿಗೆಯಲ್ಲಿ ಪಳಗಬೇಕಾದದ್ದು ಥ್ರೋಟ್ ಮಾತ್ರ. ಅದು ಕೆಲವೇ ಗುಂಡುಗಳಲ್ಲಿ ಸರಿಹೋಗುತ್ತದೆ. ಕಾರ್ಖಾನೆಯ ಸಾಮಾನ್ಯ ನಳಿಗೆಯ ಒಳಮೈ ಉದ್ದಕ್ಕೂ ಒರಟಾಗಿರಬಹುದು. ಆ ಒರಟುತನವನ್ನು ಯಾವ ಪಳಗಿಸುವಿಕೆಯೂ ಪೂರ್ತಿ ಹೋಗಲಾಡಿಸಲಾರದು. ಒಳಗೆ ಕ್ರೋಮ್ ಲೇಪಿಸಿದ ನಳಿಗೆಗೆ ಇದರ ಅಗತ್ಯವೇ ಇಲ್ಲ. ಅಮೆರಿಕದ ನಳಿಗೆ ತಯಾರಕರಲ್ಲೇ ಈ ಬಗ್ಗೆ ಒಮ್ಮತವಿಲ್ಲ: ಕ್ರೀಗರ್ ಸಂಸ್ಥೆ ಪಳಗಿಸುವ ಕ್ರಮವನ್ನು ವಿವರಿಸಿ ಸಲಹೆ ನೀಡುತ್ತದೆ, ಗೇಲ್ ಮೆಕ್‌ಮಿಲನ್ ಅವರಂತಹ ಅನುಭವಿಗಳು ಇದರಿಂದ ನಳಿಗೆಯ ಆಯುಷ್ಯ ಸವೆಯುವುದೇ ಹೊರತು ಲಾಭವಿಲ್ಲವೆಂದು ಖಂಡಿಸಿದ್ದರು.

ನೀವು ಮಾಡಬೇಕಾದದ್ದು ಇಷ್ಟು. ಮೊದಲು ಕಾರ್ಖಾನೆಯ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಬಳಿಕ ರೇಂಜ್‌ನಲ್ಲಿ ಒಂದು ಗುಂಡು ಹಾರಿಸಿ, ತಾಮ್ರ ಕರಗಿಸುವ ಸಾಲ್ವೆಂಟ್‌ನಲ್ಲಿ ನೆನೆಸಿದ ಪ್ಯಾಚನ್ನು, ಅಂದರೆ ಚಿಕ್ಕ ಬಟ್ಟೆ ತುಂಡನ್ನು, ನಳಿಗೆಯಲ್ಲಿ ಹಾಯಿಸಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಮಾತ್ರ ಬಿಟ್ಟು ಒಣ ಪ್ಯಾಚ್ ತಳ್ಳಿರಿ. ಹೊರಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ: ಕಪ್ಪು ಬಣ್ಣ ಮದ್ದಿನ ಮಸಿಯದು, ನೀಲಿ ಅಥವಾ ಹಸಿರು ಛಾಯೆ ತಾಮ್ರದ್ದು. ಹಿತ್ತಾಳೆಯ ಜ್ಯಾಗ್ (ರಾಡಿನ ತುದಿಯಲ್ಲಿ ಪ್ಯಾಚನ್ನು ಹಿಡಿಯುವ ತುಣುಕು) ಅಥವಾ ಕಂಚಿನ ಬ್ರಷ್ ಬಳಸಿದರೆ ಅವೂ ಸಾಲ್ವೆಂಟ್‌ನಲ್ಲಿ ಕರಗಿ ಅದೇ ನೀಲಿಯನ್ನು ತೋರಿಸುತ್ತವೆ. ಇದನ್ನು ಅರಿಯದೆ, ಶುಚಿಯಾದ ನಳಿಗೆಯನ್ನೇ ಗಂಟೆಗಟ್ಟಲೆ ಉಜ್ಜುವವರಿದ್ದಾರೆ. ಆದ್ದರಿಂದ ಪ್ಲಾಸ್ಟಿಕ್ ಜ್ಯಾಗ್ ಒಳ್ಳೆಯದು. ಮೊದಲ ನಾಲ್ಕೈದು ಗುಂಡುಗಳವರೆಗೆ ಹೀಗೆ ಮಾಡಿ, ನೀಲಿ ತೆಳುವಾಗುತ್ತಾ ಬಂದರೆ ಮೂರು ಗುಂಡಿಗೊಮ್ಮೆ ಶುಚಿ ಮಾಡಿ. ಮೂರರ ನಂತರವೂ ಬಣ್ಣ ಹೆಚ್ಚು ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ. ಈ ಗುಂಡುಗಳನ್ನು ಸುಮ್ಮನೆ ಮಣ್ಣಿನ ದಿಬ್ಬಕ್ಕೆ ಹೊಡೆಯದೆ ರೈಫಲ್ ಜೀರೋ ಮಾಡಲು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಲು ಬಳಸಿಕೊಳ್ಳಿ. ತೋಟಾಗಳ ಬೆಲೆಯನ್ನೂ, ಪರವಾನಗಿಯಲ್ಲಿ ನಮೂದಾಗಿರುವ ಮಿತಿಯನ್ನೂ ನೋಡಿದರೆ ನಮ್ಮಲ್ಲಿ ಒಂದು ಗುಂಡೂ ವ್ಯರ್ಥವಾಗಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪಳಗಿಸದೆ ಕೆಟ್ಟ ನಳಿಗೆಗಳಿಗಿಂತ ತಪ್ಪು ಶುಚಿಯಿಂದ ಕೆಟ್ಟ ನಳಿಗೆಗಳೇ ಹೆಚ್ಚು. ರೈಫಲ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದು, ರಾಡ್ ನೆಟ್ಟಗೆ ಸಾಗುವಂತೆ ಮಾಡುವ ಬೋರ್ ಗೈಡ್ ಕೂರಿಸಿ, ಜೋಡಣೆಯಿಲ್ಲದ ಒಂದೇ ತುಂಡಿನ ರಾಡನ್ನು ಚೇಂಬರ್ ಕಡೆಯಿಂದಲೇ ಹಾಕಬೇಕು. ಮುಂದಿನ ಬಾಯಿಯಿಂದ ರಾಡ್ ತೂರಿಸಿದರೆ, ಗುಂಡು ನಳಿಗೆಯನ್ನು ಬಿಡುವ ಆ ಅಂಚು ಒಂದು ಕಡೆ ಸವೆದು ಗ್ರೂಪ್, ಅಂದರೆ ಗುರಿಹಲಗೆಯ ಮೇಲೆ ಗುಂಡುಗಳು ಬಿದ್ದ ಗುರುತುಗಳ ಗುಂಪು, ಹರಡಿಕೊಳ್ಳುತ್ತದೆ. ಆ ಅಂಚನ್ನು ಮತ್ತೆ ಕೊರೆಯಿಸದೆ ಅದು ಸರಿಯಾಗದು.

ಪ್ರಶ್ನೆ: 50 ಮೀಟರ್ ಸ್ಪರ್ಧೆಗಾಗಿ ಮಗಳಿಗೆ .22 ರೈಫಲ್ ಕೊಡಿಸಿದ್ದೇವೆ. ಅದಕ್ಕೂ ಇದೇ ಕ್ರಮವೇ?
— ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ಇಲ್ಲ. .22ರ ಸ್ಪರ್ಧಾ ತೋಟಾದಲ್ಲಿ ತಾಮ್ರದ ಹೊದಿಕೆಯಿರದ, ಮೇಣ ಅಥವಾ ಗ್ರೀಸ್ ಸವರಿದ 2.6 ಗ್ರಾಂ ತೂಕದ ಸೀಸದ ಗುಂಡಿರುತ್ತದೆ. ಅದರ ವೇಗವೂ ಶಬ್ದದ ವೇಗಕ್ಕಿಂತ ತುಸು ಕಡಿಮೆ. ತಾಮ್ರವೇ ಇಲ್ಲದ ಮೇಲೆ ಅದನ್ನು ಕರಗಿಸುವ ಸಾಲ್ವೆಂಟಿನ ಕೆಲಸವೂ ಇಲ್ಲ. ಇಲ್ಲಿ ನಳಿಗೆ ಕೇಳುವುದು ಬೇರೆಯದನ್ನೇ: ಆ ಮೇಣದ ತೆಳು ಪದರ ಒಳಗೆಲ್ಲ ಸಮನಾಗಿ ಹರಡಬೇಕು. ಪೂರ್ತಿ ಶುಚಿ ಮಾಡಿದ .22 ನಳಿಗೆಯ ಮೊದಲ ಗುಂಡುಗಳು ಅಲ್ಲಿ ಇಲ್ಲಿ ಬೀಳುವುದಕ್ಕೆ ಇದೇ ಕಾರಣ. ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದಕ್ಕೆ ಹೋದಾಗಲೂ ಹೊಸ ಮೇಣ ನೆಲೆಗೊಳ್ಳುವವರೆಗೆ ಗ್ರೂಪ್ ನೋಡಿ ತೀರ್ಮಾನಕ್ಕೆ ಬರಬೇಡಿ. ಹತ್ತರ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್ ಇರುವ ಗುರಿಹಲಗೆಯಲ್ಲಿ ಇಂತಹ ವ್ಯತ್ಯಾಸ ಎದ್ದು ಕಾಣುತ್ತದೆ. ಚೇಂಬರ್‌ನ ಮುಂದೆ ಗಟ್ಟಿ ಮಸಿಯ ಉಂಗುರ ಕಟ್ಟುವುದರಿಂದ ಆ ಜಾಗವನ್ನು ಮಾತ್ರ ಆಗಾಗ ಕಂಚಿನ ಬ್ರಷ್‌ನಿಂದ ಶುಚಿ ಮಾಡಿಸಿ. ಸ್ಪರ್ಧೆಯ ಹಿಂದಿನ ರಾತ್ರಿ ನಳಿಗೆಯನ್ನು ಉಜ್ಜಿ ಹೊಳೆಯಿಸುವುದು ಬೇಡವೆಂದು ಮಗಳಿಗೆ ಹೇಳಿ.

ಪ್ರಶ್ನೆ: ಬೆಂಗಳೂರಿನ ಮಳೆಗಾಲದಲ್ಲಿ ಹೊಸ ನಳಿಗೆಗೆ ಎಣ್ಣೆ ಎಷ್ಟು ಹಾಕಬೇಕು?
— ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಪ್ಯಾಚ್ ಒದ್ದೆಯೆನಿಸದೆ ಬರೀ ಜಿಡ್ಡೆನಿಸುವಷ್ಟು ಸಾಕು. ಚರ್ಮದ ಅಥವಾ ಸ್ಪಂಜಿನ ಚೀಲವು ತೇವವನ್ನು ಹಿಡಿದಿಡುವುದರಿಂದ ಅದರಲ್ಲಿ ವಾರಗಟ್ಟಲೆ ಇಡದೆ, ಬೀಗವಿರುವ ಒಣ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಹಾರಿಸುವ ಮೊದಲು ನಳಿಗೆಗೂ ಚೇಂಬರಿಗೂ ಒಣ ಪ್ಯಾಚ್ ಹಾಯಿಸಲೇಬೇಕು. ನಳಿಗೆಯಲ್ಲಿ ಎಣ್ಣೆ ಉಳಿದರೆ ಮೊದಲ ಗುಂಡು ಗುರಿ ತಪ್ಪುತ್ತದೆ. ಚೇಂಬರಿನಲ್ಲಿ ಉಳಿದರೆ ತೋಟಾದ ಕವಚ ಗೋಡೆಯನ್ನು ಹಿಡಿದುಕೊಳ್ಳದೆ ಜಾರಿ, ಬೋಲ್ಟ್ ಮೇಲೆ ಒತ್ತಡ ಹೆಚ್ಚುತ್ತದೆ. ಕೊನೆಯಲ್ಲಿ ಬೋಲ್ಟ್ ತೆಗೆದು ನಳಿಗೆಯ ಮೂಲಕ ಬೆಳಕನ್ನು ನೋಡಿ, ಒಳಗೆ ಪ್ಯಾಚಿನ ತುಂಡು ಸಿಕ್ಕಿಕೊಂಡಿಲ್ಲವೆಂದು ಖಚಿತವಾದ ಮೇಲೆಯೇ ತೋಟಾ ತುಂಬಿ.