ಕೆಮಿಕಲ್ ಬಿ.ಇ. ಮುಗಿಯಿತು: ಇಟಿಪಿ ಕೆಲಸಕ್ಕೆ ಸೇರಲೇ, ಪರಿಸರ ಎಂಜಿನಿಯರಿಂಗ್ ಓದಲೇ, ಸಾಫ್ಟ್‌ವೇರ್‌ಗೆ ಹೋಗಲೇ?

ನೀವು ಕೇಳಿರುವುದು ಇಷ್ಟು. ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿದ್ದೀರಿ. ಯಾದಗಿರಿ ಜಿಲ್ಲೆಯ ಕಡೇಚೂರಿನ ಔಷಧ ಕಾರ್ಖಾನೆಯೊಂದರ ಇಟಿಪಿಯಲ್ಲಿ, ಅಂದರೆ ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿ, ಶಿಫ್ಟ್ ಎಂಜಿನಿಯರ್ ಕೆಲಸ ಸಿಕ್ಕಿದೆ. ನಿಮಗೆ ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುವ ಆಸೆ. ಮನೆಯವರು ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ತರಬೇತಿ ಪಡೆಯಿರಿ ಎನ್ನುತ್ತಿದ್ದಾರೆ. "ಕೊಳಚೆ ನೀರು ಕಾಯುವುದಕ್ಕೆ ಬಿ.ಇ. ಓದಬೇಕಿತ್ತೇ" ಎಂದು ನೆಂಟರೊಬ್ಬರು ಕೇಳಿದ್ದು ನಿಮ್ಮ ಮನಸ್ಸಿಗೆ ನಾಟಿದೆ.

ನಾನೂ ಇದೇ ಪದವಿ ಪಡೆದು, ಇಟಿಪಿಯಲ್ಲೇ ಕೆಲಸ ಕಲಿತು, ಈಗ ಪರಿಸರ ಸಲಹಾ ಸಂಸ್ಥೆಯೊಂದರಲ್ಲಿದ್ದೇನೆ. ನನ್ನ ಉತ್ತರ ನೇರವಾಗಿದೆ: ಶಿಫ್ಟ್‌ಗೆ ಸೇರಿ. ಎರಡು ಮೂರು ವರ್ಷ ಪ್ಲಾಂಟ್‌ನಲ್ಲಿ ನಿಂತು ಕೆಲಸ ಮಾಡಿ. ಎಂ.ಟೆಕ್, ಸಲಹಾ ಸಂಸ್ಥೆ, ಸರ್ಕಾರಿ ಹುದ್ದೆ ಎಲ್ಲಕ್ಕೂ ಆಮೇಲೆ ಸಮಯವಿದೆ, ಮತ್ತು ಅವೆಲ್ಲದರಲ್ಲೂ ಈ ಅನುಭವವೇ ನಿಮ್ಮ ಬಂಡವಾಳವಾಗುತ್ತದೆ.

ಏಕೆಂದು ಒಂದು ಲೆಕ್ಕದಿಂದಲೇ ಹೇಳುತ್ತೇನೆ. ಮಟೀರಿಯಲ್ ಬ್ಯಾಲೆನ್ಸ್ ನೀವು ಓದಿದ್ದೀರಿ: ಒಳಗೆ ಹೋದದ್ದು ಹೊರಗೆ ಬರಬೇಕು, ಇಲ್ಲವೇ ಒಳಗೇ ಉಳಿದಿರಬೇಕು. ಒಂದು ಕಾರ್ಖಾನೆಯಿಂದ ದಿನಕ್ಕೆ 50 ಸಾವಿರ ಲೀಟರ್ ತ್ಯಾಜ್ಯನೀರು ಬರುತ್ತದೆ, ಅದರಲ್ಲಿ ಕರಗಿರುವ ಲವಣ ಲೀಟರಿಗೆ 40 ಗ್ರಾಂ ಎಂದುಕೊಳ್ಳಿ. ದಿನಕ್ಕೆ ಎರಡು ಟನ್ ಉಪ್ಪು, ತಿಂಗಳಿಗೆ 60 ಟನ್. ಹನಿ ನೀರನ್ನೂ ಹೊರಬಿಡುವುದಿಲ್ಲ ಎಂದು ಒಪ್ಪಿಕೊಂಡ ಕಾರ್ಖಾನೆ ಈ ನೀರನ್ನು ಎಂಇಇಯಲ್ಲಿ, ಅಂದರೆ ಹಲವು ಹಂತಗಳ ಆವೀಕರಣ ಯಂತ್ರದಲ್ಲಿ, ಆವಿ ಮಾಡಿ, ಉಳಿದ ಉಪ್ಪನ್ನು ದಾಬಸ್‌ಪೇಟೆಯಲ್ಲಿರುವಂಥ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಕಳುಹಿಸಬೇಕು. ರಿಜಿಸ್ಟರ್‌ನಲ್ಲಿ ತಿಂಗಳಿಗೆ 12 ಟನ್ ಹೋಗಿದೆ ಎಂದು ಬರೆದಿದ್ದರೆ, ಮಿಕ್ಕ 48 ಟನ್ ಎಲ್ಲಿ? ಅಂಗಳದಲ್ಲಿ ಚೀಲಗಳು ರಾಶಿ ಬಿದ್ದಿರಬೇಕು, ನೀರಿನ ಅಳತೆಯೇ ತಪ್ಪಿರಬೇಕು, ಇಲ್ಲವೇ ಅದು ರಾತ್ರಿ ಹೊತ್ತು ಹಳ್ಳ ಸೇರುತ್ತಿರಬೇಕು. ಈ ಪ್ರಶ್ನೆ ಕೇಳಲು ದುಬಾರಿ ಉಪಕರಣ ಬೇಡ, ಗುಣಾಕಾರ ಸಾಕು. ಆದರೆ ಎಂಇಇ ಎಷ್ಟು ಹೊತ್ತು ಓಡುತ್ತದೆ, ಅದರ ಕೊಳವೆಗಳಲ್ಲಿ ಉಪ್ಪು ಕಟ್ಟಿಕೊಂಡಾಗ ಎಷ್ಟು ದಿನ ನಿಲ್ಲುತ್ತದೆ, ನಿಂತಾಗ ನೀರು ಯಾವ ಟ್ಯಾಂಕಿಗೆ ಹೋಗುತ್ತದೆ ಎಂಬುದು ಪಕ್ಕದಲ್ಲಿ ನಿಂತವರಿಗೆ ಮಾತ್ರ ಗೊತ್ತಿರುತ್ತದೆ. ಮೇಜಿನ ಮುಂದೆ ಕುಳಿತು ವರದಿ ಬರೆಯುವವರಲ್ಲಿ ಬಹಳ ಮಂದಿಗೆ ಇದು ಹೊಳೆಯುವುದೇ ಇಲ್ಲ.

ಕೆಮಿಕಲ್ ಓದಿದವರಿಗೆ ಹೊಸದೆನಿಸುವುದು ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವ ಜೈವಿಕ ಹಂತ. ಗಾಳಿ ಊದುವ ಟ್ಯಾಂಕಿನಿಂದ ಒಂದು ಲೀಟರ್ ನೀರನ್ನು ಅಳತೆ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡುತ್ತಾರೆ. ಕಂದು ಬಣ್ಣದ ಕೆಸರು 300 ಮಿಲಿಲೀಟರ್ ಗೆರೆಯ ಆಸುಪಾಸಿಗೆ ಇಳಿದು, ಮೇಲಿನ ನೀರು ತಿಳಿಯಾಗಿದ್ದರೆ ಬ್ಯಾಕ್ಟೀರಿಯಾಗಳು ಆರೋಗ್ಯವಾಗಿವೆ ಎಂದರ್ಥ. 800ರಲ್ಲೇ ನಿಂತರೆ ಎಳೆಯಂಥ ಜೀವಿಗಳು ಹೆಚ್ಚಿರಬಹುದು, ಅಥವಾ ಕೆಸರೇ ಮಿತಿಮೀರಿರಬಹುದು. ಚೆನ್ನಾಗಿ ಇಳಿದ ಕೆಸರು ಸ್ವಲ್ಪ ಹೊತ್ತಿನ ನಂತರ ಗಡ್ಡೆಗಡ್ಡೆಯಾಗಿ ಮತ್ತೆ ಮೇಲೇಳುತ್ತಿದ್ದರೆ, ತಳದಲ್ಲಿ ನೈಟ್ರೇಟ್ ಒಡೆದು ಸಾರಜನಕದ ಗುಳ್ಳೆ ಏಳುತ್ತಿದೆ ಎಂದು ತಿಳಿಯಬೇಕು. ಕೊಳೆ ಒಡೆಯಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕೆಂದು ಅಳೆಯುವ ಬಿಓಡಿ ಪರೀಕ್ಷೆಯ ಫಲಿತಾಂಶ ಬರಲು ನಮ್ಮಲ್ಲಿ ಮೂರು ದಿನ ಬೇಕು. ಪ್ಲಾಂಟ್ ಅಷ್ಟು ದಿನ ಕಾಯುವುದಿಲ್ಲ. ಅನುಭವಿ ಆಪರೇಟರ್ ಈ ಜಾಡಿಯನ್ನೂ ನೊರೆಯ ಬಣ್ಣವನ್ನೂ ನೋಡಿಯೇ ಬ್ಲೋವರ್ ಹೆಚ್ಚಿಸಬೇಕೋ ಕೆಸರು ತೆಗೆಯಬೇಕೋ ನಿರ್ಧರಿಸುತ್ತಾರೆ. ಅವರು ಐಟಿಐ ಓದಿದವರಿರಬಹುದು, ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದವರಿರಬಹುದು. ಮೊದಲ ವರ್ಷ ಅವರೇ ನಿಮ್ಮ ಗುರುಗಳು. ನಿಮ್ಮ ನೆಂಟರಿಗೆ ಈ ಜಾಡಿಯ ವಿಷಯ ಹೇಳಿ. ಕೊಳಚೆ ನೀರು ಕಾಯುವುದು ಎಂದರೆ ಇದು.

ಇನ್ನು ಎಲ್ಲೆಲ್ಲಿ ಕೆಲಸ ಸಿಗುತ್ತದೆ ಎಂಬುದು. ಉತ್ತರ ಕರ್ನಾಟಕದವರು ಮೊದಲು ನೋಡಬೇಕಾದದ್ದು ಸಕ್ಕರೆ ಕಾರ್ಖಾನೆ ಮತ್ತು ಡಿಸ್ಟಿಲರಿಗಳನ್ನು. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಕಾರ್ಯಕ್ರಮ ಬಂದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಡಿಸ್ಟಿಲರಿಗಳು ಬೆಳೆದಿವೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಸ್ಪೆಂಟ್‌ವಾಶ್, ಅಂದರೆ ಬಟ್ಟಿ ಇಳಿಸಿ ಉಳಿದ ತ್ಯಾಜ್ಯದ್ರವ, ಬರುತ್ತದೆ. ಮನೆಗಳ ಚರಂಡಿ ನೀರಿನ ಸಿಓಡಿ, ಅಂದರೆ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾದ ಆಮ್ಲಜನಕ, ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಇದ್ದರೆ, ಇದರದು ಲಕ್ಷದ ಆಸುಪಾಸು. ಅದನ್ನು ಗಟ್ಟಿ ಮಾಡಿ ಬಾಯ್ಲರ್‌ನಲ್ಲಿ ಸುಟ್ಟು ಉಗಿ ತೆಗೆಯುತ್ತಾರೆ. ಬೂದಿಯಲ್ಲಿ ಪೊಟ್ಯಾಶ್ ಉಳಿಯುತ್ತದೆ. ಹುದುಗುವಿಕೆ, ಬಟ್ಟಿ ಇಳಿಸುವುದು, ಆವೀಕರಣ, ದಹನ ಎಲ್ಲವೂ ಒಂದೇ ಆವರಣದಲ್ಲಿ ಕಲಿಯಲು ಸಿಗುವುದು ಅಪರೂಪ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯ ಕೋರ್ಸುಗಳನ್ನೂ ಗಮನಿಸಿ. ಊರಿನ ಹತ್ತಿರವೇ ಇರಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರ ನನಗೆ ಕಾಣುವುದಿಲ್ಲ.

ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಮತ್ತು ಇತರ ಸಾರ್ವಜನಿಕ ತೈಲ ಕಂಪನಿಗಳು ಎಲ್ಲರಿಗೂ ಗೊತ್ತು. ಎಂ.ಟೆಕ್ ಪ್ರವೇಶಕ್ಕೂ ಬಳಸುವ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕದ ಮೇಲೆ ತೆಗೆದುಕೊಳ್ಳುವುದುಂಟು, ಹುದ್ದೆ ಕಡಿಮೆ, ಪೈಪೋಟಿ ಹೆಚ್ಚು. ಗಲ್ಫ್ ದೇಶಗಳಲ್ಲಿ ಕೇಳುವುದು ಅನುಭವವನ್ನೇ.

ಬೆಂಗಳೂರಿನಲ್ಲಿ ನೀರೇ ದೊಡ್ಡ ಉದ್ಯೋಗದಾತ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಗುರಿಯಿತ್ತು. 2018ರಲ್ಲಿ ನೀರು ಹರಿಯತೊಡಗಿತು. ಬ್ಯಾಕ್ಟೀರಿಯಾಗಳಿಂದ ಕೊಳೆ ತೆಗೆಯುವ ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಕೋಲಾರದವರು ಕೇಳುತ್ತಲೇ ಬಂದಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು, ಮತ್ತು ಅದನ್ನು ಈಡೇರಿಸಬೇಕಾದವರು ನಿಮ್ಮ ತಲೆಮಾರಿನ ಎಂಜಿನಿಯರುಗಳು. ದೊಡ್ಡ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿಗಳನ್ನು, ಅಂದರೆ ಚರಂಡಿ ನೀರು ಶುದ್ಧೀಕರಣ ಘಟಕಗಳನ್ನು, ನಡೆಸುವ ಕಂಪನಿಗಳೂ ಬಹಳ ಇವೆ. ಸಂಬಳ ಸಾಧಾರಣ, ಕಲಿಕೆ ಚೆನ್ನಾಗಿರುತ್ತದೆ.

ನಾನಿರುವ ಸಲಹಾ ಕ್ಷೇತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮ ಅಂದಾಜು ವರದಿ, ಅಂದರೆ ಇಐಎ, ಕಡ್ಡಾಯ. ನ್ಯಾಬೆಟ್ ಎಂಬ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಗಳೇ ಅದನ್ನು ತಯಾರಿಸಬೇಕು. ನೀರು, ಗಾಳಿ, ತ್ಯಾಜ್ಯ, ಅಪಾಯದ ಅಂದಾಜು ಎಂದು ಒಂದೊಂದು ವಿಷಯಕ್ಕೆ ಅನುಭವವಿರುವ ಪರಿಣತರು ಬೇಕು. ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು, ಸಾರ್ವಜನಿಕ ಅಹವಾಲು ಸಭೆಗೆ ಬರುವ ರೈತರು ಓದುವುದು ಅದನ್ನೇ. ನಾನು ನೋಡಿದ ಎಷ್ಟೋ ಕನ್ನಡ ಸಾರಾಂಶಗಳು ತಲೆಬುಡ ತಿಳಿಯದ ಹಾಗಿರುತ್ತವೆ. ಬಾವಿಯ ಪಕ್ಕ ಏನು ಬರುತ್ತಿದೆ ಎಂದು ತಿಳಿಯುವ ಹಕ್ಕಿರುವವರ ಕೈಗೆ ಅಂಥ ಕಾಗದ ಕೊಡುವುದು ಅನ್ಯಾಯ. ಪ್ಲಾಂಟ್ ಗೊತ್ತಿದ್ದು ತಿಳಿಗನ್ನಡದಲ್ಲಿ ಬರೆಯಬಲ್ಲ ಎಂಜಿನಿಯರ್ ನನ್ನ ಎದುರಿಗೆ ಬಂದರೆ ನಾನು ಎರಡು ಸಲ ಯೋಚಿಸುವುದಿಲ್ಲ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಹಾಯಕ ಪರಿಸರ ಅಧಿಕಾರಿಯಂಥ ಹುದ್ದೆಗಳಿಗೆ ಅಧಿಸೂಚನೆ ಬರುವುದು ಅಪರೂಪ. ಬಂದಾಗ ಬಿಡಬೇಡಿ, ಆದರೆ ಅದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಸುರಕ್ಷತೆಯ ಕಡೆ ಒಲವಿದ್ದರೆ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಮಾಡಬಹುದು. 1984ರ ಭೋಪಾಲ್ ವಿಷಾನಿಲ ದುರಂತದಲ್ಲಿ ಟ್ಯಾಂಕಿಗೆ ನೀರು ಸೇರಿದ್ದು, ಶೈತ್ಯೀಕರಣ ನಿಲ್ಲಿಸಿದ್ದು ಪ್ರೋಸೆಸ್ ಗೊತ್ತಿರುವವರಿಗೆ ಅರ್ಥವಾಗುವ ಹಾಗೆ ಬೇರೆಯವರಿಗೆ ಆಗುವುದಿಲ್ಲ. ಈಚೆಗೆ ಇಂಗಾಲದ ಲೆಕ್ಕವೂ ಉದ್ಯೋಗವಾಗಿದೆ: ಷೇರುಪೇಟೆಯಲ್ಲಿ ನೋಂದಾಯಿತವಾದ ದೇಶದ ಮೊದಲ ಸಾವಿರ ಕಂಪನಿಗಳು 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಸುಸ್ಥಿರತೆಯ ವರದಿ ಕೊಡಬೇಕಾಗಿದೆ, ಐರೋಪ್ಯ ಒಕ್ಕೂಟ ಉಕ್ಕು, ಸಿಮೆಂಟ್ ಮೊದಲಾದ ಆಮದಿನ ಮೇಲೆ ಇಂಗಾಲದ ಶುಲ್ಕ ತಂದಿದೆ. ಇಲ್ಲೂ ಬೇಕಾಗುವುದು ಅದೇ ಮಟೀರಿಯಲ್ ಬ್ಯಾಲೆನ್ಸ್.

ಎಂ.ಟೆಕ್ ಮಾಡುವುದಾದರೆ ಗೇಟ್ ಮೂಲಕ, ವಿದ್ಯಾರ್ಥಿವೇತನ ಸಿಗುವ ಸುರತ್ಕಲ್ ಎನ್‌ಐಟಿಕೆಯಂಥ ಸಂಸ್ಥೆಯಲ್ಲಿ ಮಾಡಿ. ಸಾಲ ಮಾಡಿ, ಪ್ರಯೋಗಾಲಯವೇ ಸರಿಯಿಲ್ಲದ ಕಾಲೇಜಿಗೆ ಸೇರುವುದರಿಂದ ಪ್ರಯೋಜನವಿಲ್ಲ. ಸಾಫ್ಟ್‌ವೇರ್ ನಿಮಗೆ ನಿಜವಾಗಿ ಇಷ್ಟವಿದ್ದರೆ ಹೋಗಿ; ಆರಂಭದ ಸಂಬಳ ಅಲ್ಲಿ ಹೆಚ್ಚಿರಬಹುದು. ನೆಂಟರ ಮಾತಿಗೆ ಅಂಜಿ ಮಾತ್ರ ಹೋಗಬೇಡಿ.

ಕಡೇಚೂರಿಗೆ ಸೇರುವ ಮುನ್ನ ಎರಡು ವಿಷಯ ಕೇಳಿ ತಿಳಿಯಿರಿ. ಟ್ಯಾಂಕಿಗೆ ಇಳಿಯಲು ಲಿಖಿತ ಪರ್ಮಿಟ್ ಪದ್ಧತಿ ಇದೆಯೇ, ಗ್ಯಾಸ್ ಡಿಟೆಕ್ಟರ್ ಕೆಲಸ ಮಾಡುತ್ತಿದೆಯೇ? ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮೊದಲು ಬಿದ್ದವನನ್ನು ಎತ್ತಲು ಹೋದವರೂ ಸಾಯುತ್ತಾರೆ. ಇವೆರಡೂ ಇಲ್ಲದ ಕಡೆ ಕೆಲಸ ಬೇಡವೇ ಬೇಡ. ಎರಡನೆಯದು, ಲಾಗ್‌ಬುಕ್ ಯಾರು ಬರೆಯುತ್ತಾರೆ? ನೋಡದ ರೀಡಿಂಗ್ ಬರೆದು ಸಹಿ ಹಾಕು ಎನ್ನುವ ಮೇಲಧಿಕಾರಿ ಸಿಕ್ಕರೆ ಬೇರೆ ಕಂಪನಿ ಹುಡುಕಿ. ಕೆಳಗಿರುವುದು ನಿಮ್ಮ ಹೆಸರು, ತಪಾಸಣೆಗೆ ಬಂದವರು ಕೇಳುವುದೂ ನಿಮ್ಮನ್ನೇ.

ಕೆಲಸಕ್ಕೆ ಸೇರಿದರೂ ಈ ವರ್ಷದ ಗೇಟ್ ಅರ್ಜಿ ತುಂಬಿ. ಕೆಮಿಕಲ್‌ಗೆ ಸಿಎಚ್ ಪತ್ರಿಕೆ ಇದೆ, 2021ರಿಂದ ಪರಿಸರಕ್ಕೆ ಇಎಸ್ ಎಂಬ ಪ್ರತ್ಯೇಕ ಪತ್ರಿಕೆಯೂ ಇದೆ. ಬಂದ ಅಂಕ ಮೂರು ವರ್ಷ ಊರ್ಜಿತವಾಗಿರುತ್ತದೆ.