ಬೀದಿ ಖಾಲಿಯಿದ್ದ ಹೊತ್ತು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ದೇಶದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ದಂಪತಿಯ ಒಪ್ಪಿಗೆಯಿದೆ.

ಆಕೆ ಹುಟ್ಟಿ ಬೆಳೆದದ್ದು ಚಳಿ ಹೆಚ್ಚಿರುವ ದೇಶದಲ್ಲಿ. ಗಂಡನ ಕೆಲಸದ ನಿಮಿತ್ತ ಸಮಭಾಜಕ ವೃತ್ತದ ಸಮೀಪದ ದೇಶವೊಂದಕ್ಕೆ ಬಂದು ಕೆಲವು ತಿಂಗಳಾಗಿದ್ದವು. ಮೊದಲ ಭೇಟಿಯಲ್ಲೇ ಹೇಳಿದರು: “ನಾನು ಸೋಮಾರಿಯಾಗಿಬಿಟ್ಟಿದ್ದೇನೆ. ಇವರೂ ಹಾಗೇ ಹೇಳುತ್ತಾರೆ. ಇಲ್ಲಿಯ ಜನ ನಮ್ಮನ್ನು ಹತ್ತಿರ ಸೇರಿಸುವುದಿಲ್ಲ. ಊರಿಗೆ ಫೋನ್ ಮಾಡಿ ಹೇಳಿಕೊಳ್ಳೋಣವೆಂದರೆ, ವರ್ಷವಿಡೀ ಬಿಸಿಲು, ನಿನಗೇನು ಕಷ್ಟ ಎನ್ನುತ್ತಾರೆ.” ಕೊನೆಯ ಮಾತು ಆಡುವಾಗ ಅತ್ತುಬಿಟ್ಟರು. ನೋಡುವವರ ಕಣ್ಣಿಗೆ ಸುಖವಾಗಿ ಕಾಣುವ ಬದುಕಿನಲ್ಲಿ ನೊಂದವರು ಬಾಯಿ ಬಿಡಲು ಹಿಂಜರಿಯುತ್ತಾರೆ. ಅದಕ್ಕೇ, ಬೇಸರಪಡಲು ನೀವು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ ಎಂದು ಮೊದಲು ಹೇಳಿದೆ.

ಖಿನ್ನತೆಯೇ ಎಂಬ ಪ್ರಶ್ನೆಯನ್ನು ಬದಿಗಿಡುವಂತಿರಲಿಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಬಹುಪಾಲು ದಿನವಿಡೀ ಮನಸ್ಸು ಕುಗ್ಗಿದ್ದು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಈಕೆಗೆ ಆಸಕ್ತಿ ಉಳಿದಿತ್ತು. ಚಿತ್ರ ಬರೆಯುವ ವಿಷಯ ಬಂದಾಗ ಮುಖ ಅರಳುತ್ತಿತ್ತು. ಆದರೂ ರಕ್ತಪರೀಕ್ಷೆಗೆ ಕಳಿಸಿದೆ. ಸೇವಿಸುತ್ತಿದ್ದ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಲು ಹೇಳಿದೆ. ಮೂತ್ರ ಹೆಚ್ಚಿಸುವ ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಸೆಕೆಯಲ್ಲಿ ತೊಂದರೆ ಹೆಚ್ಚಿಸಬಹುದು. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಅಪಾಯಕ್ಕೆ ಏರಬಹುದು. ಇಂಥವನ್ನು ನಾವಾಗಿ ನಿಲ್ಲಿಸಲೂಬಾರದು. ಈಕೆಯ ವರದಿಗಳಲ್ಲಿ ದೋಷವೇನೂ ಕಾಣಲಿಲ್ಲ.

ಮುಂದಿನ ಭೇಟಿಗೆ, ಮನೆಯಿಂದ ಹೊರಟ ಹೊತ್ತು, ಹಿಂದಿರುಗಿದ ಹೊತ್ತು, ದಾರಿಯಲ್ಲಿ ಯಾರು ಸಿಕ್ಕರು ಎಂಬುದನ್ನಷ್ಟೇ ಬರೆದು ತನ್ನಿ ಎಂದಿದ್ದೆ. ಆ ಹಾಳೆ ನೋಡಿದಾಗ ಅರ್ಧ ಕಥೆ ಬಿಚ್ಚಿಕೊಂಡಿತು. ಹೊರಟದ್ದೆಲ್ಲ ಹನ್ನೊಂದೂವರೆ, ಹನ್ನೆರಡು ಗಂಟೆಗೆ. ಸಿಕ್ಕವರು ಎಂಬಲ್ಲಿ ‘ಯಾರೂ ಇಲ್ಲ’. ಸಂಜೆ ಆರೂವರೆಯ ನಂತರ ಬಾಗಿಲು ಭದ್ರ.

ಚಳಿ ದೇಶದವರಿಗೆ ಬಿಸಿಲು ಬಿತ್ತೆಂದರೆ ಹೊರಗೆ ಹೋಗುವ ಹೊತ್ತು. ಕತ್ತಲಾಯಿತೆಂದರೆ ದಿನ ಮುಗಿಯಿತು. ಅಲ್ಲಿ ಬೇಸಿಗೆಯ ಸಂಜೆಯ ಬೆಳಕು ರಾತ್ರಿ ಒಂಬತ್ತು, ಹತ್ತರವರೆಗೂ ಇರುತ್ತದೆ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು ಸುಮಾರು 12 ತಾಸು, ಮುಸ್ಸಂಜೆ ಬಂದದ್ದೇ ತಿಳಿಯದಷ್ಟು ಬೇಗ ಕತ್ತಲು. ಈ ಸೆಕೆಯ ನಾಡಿನ ಜನ ನಸುಕಿನಲ್ಲಿ ಕೆಲಸ ಮುಗಿಸಿ, ನಡುಹಗಲು ನೆರಳಲ್ಲಿ ಕಳೆದು, ಕತ್ತಲಾದ ಮೇಲೆ ಬೀದಿಗಿಳಿಯುತ್ತಾರೆ. ಈಕೆ ಹೊರಟಾಗ ಅವರು ಒಳಗೆ. ಅವರು ಬಂದಾಗ ಈಕೆ ಒಳಗೆ. ಜನ ಸೇರಿಸಿಕೊಳ್ಳುವುದಿಲ್ಲ ಎಂಬ ದೂರಿನ ಬಹುಭಾಗಕ್ಕೆ ಗಡಿಯಾರವೇ ಕಾರಣವಾಗಿತ್ತು.

ಸೋಮಾರಿತನದ ಮಾತಿಗೂ ದೇಹದಲ್ಲೇ ಉತ್ತರವಿತ್ತು. ದಿನವೂ ಸ್ವಲ್ಪ ಹೊತ್ತು ಸೆಕೆಯಲ್ಲಿ ಓಡಾಡಿದರೆ 7ರಿಂದ 14 ದಿನಗಳಲ್ಲಿ ದೇಹ ಬಹುಮಟ್ಟಿಗೆ ಒಗ್ಗಿಕೊಳ್ಳುತ್ತದೆ: ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಹೃದಯದ ಬಡಿತ ಅಷ್ಟು ಏರುವುದಿಲ್ಲ. ಈಕೆ ನಡುಹಗಲ ಸುಡುಬಿಸಿಲಿಗೆ ಬಳಲಿ, ಉಳಿದ ಹೊತ್ತು ಎ.ಸಿ. ಕೋಣೆ ಸೇರುತ್ತಿದ್ದರು. ಹೀಗಾದರೆ ದೇಹಕ್ಕೆ ಕಲಿಯುವ ಅವಕಾಶವೇ ಇಲ್ಲ.

ಗಂಡನನ್ನು ಕರೆಸಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಎ.ಸಿ. ಕಾರು, ಎ.ಸಿ. ಕಚೇರಿ, ಅವರಿಗೆ ಆ ದೇಶದ ಸೆಕೆಯ ಪರಿಚಯವೇ ಇರಲಿಲ್ಲ. ನಲ್ಲಿ ರಿಪೇರಿ, ಸರ್ಕಾರಿ ಕಾಗದಪತ್ರ, ಭಾಷೆ ಬಾರದ ಅಂಗಡಿಯ ವ್ಯವಹಾರವೆಲ್ಲ ಹೆಂಡತಿಯ ತಲೆಗೆ. “ಹಾಗೆ ಅನ್ನಬಾರದಿತ್ತು” ಎಂದು ಅವರೇ ಹೆಂಡತಿಯ ಕಡೆ ತಿರುಗಿ ಹೇಳಿದರು. ದಂಪತಿಯ ನಡುವಿನ ಎಷ್ಟೋ ಜಗಳಗಳಲ್ಲಿ ಒಬ್ಬರ ದಣಿವನ್ನು ಇನ್ನೊಬ್ಬರು ಗುಣದೋಷವೆಂದು ಓದಿರುತ್ತಾರೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಸಲಹೆ ಸರಳವಾಗಿತ್ತು. ಹೊರಗಿನ ಕೆಲಸವನ್ನು ಬೆಳಗಿನ ತಂಪಿಗೆ ತನ್ನಿ. ಹಗಲಿನ ಎ.ಸಿ.ಯ ತಂಪನ್ನು ಮೆಲ್ಲಗೆ ಕಡಿಮೆ ಮಾಡುತ್ತ ಬನ್ನಿ, ರಾತ್ರಿಯದು ಇರಲಿ. ನಿದ್ರೆ ಬರಬೇಕಾದರೆ ದೇಹದೊಳಗಿನ ಉಷ್ಣ ತುಸು ಇಳಿಯಬೇಕು. ಮಧ್ಯಾಹ್ನ ಮಲಗಿದ್ದಕ್ಕೆ ಯಾರಿಗೂ ಲೆಕ್ಕ ಕೊಡಬೇಡಿ. ಕತ್ತಲಾದ ಮೇಲೆ ಇಬ್ಬರೂ ಒಂದೇ ಬೀದಿಯಲ್ಲಿ ದಿನವೂ ನಡೆಯಿರಿ, ಮುಖಗಳು ಪರಿಚಯವಾಗಲಿ. ಕಾಗದಪತ್ರದ ಕೆಲಸವನ್ನು ಗಂಡ ವಹಿಸಿಕೊಳ್ಳಲಿ. ಜೊತೆಗೆ ಒಂದು ಎಚ್ಚರಿಕೆ: ಸೆಕೆಯಲ್ಲಿ ಯಾರಾದರೂ ತಡವರಿಸಿ ಮಾತಾಡಿದರೆ, ಗಲಿಬಿಲಿಗೊಂಡರೆ, ಅದು ಉಷ್ಣಾಘಾತವಾಗಿರಬಹುದು, ತಕ್ಷಣ ಮೈ ತಣಿಸುತ್ತ ಆಸ್ಪತ್ರೆಗೆ ಸಾಗಿಸಿ.

ಕೆಲವು ವಾರಗಳ ನಂತರ ಹಾಳೆಯಲ್ಲಿ ಹೆಸರುಗಳು ಕಾಣಿಸಿಕೊಂಡವು: ಎದುರುಮನೆಯ ಅಜ್ಜಿ, ನಾಯಿ ಕರೆದುಕೊಂಡು ಬರುವ ಶಿಕ್ಷಕ. ಊರಿನ ಹಂಬಲ ಮಾತ್ರ ಹೋಗಿಲ್ಲ. ಪರನಾಡಿಗೆ ಬಂದವರಿಗಾಗುವ ತಳಮಳ, ಅಂದರೆ ‘ಸಾಂಸ್ಕೃತಿಕ ಆಘಾತ’ದ ಕುರಿತು 1960ರಲ್ಲಿ ಬರೆದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, ಮೊದಲ ಸಂಭ್ರಮ ಇಳಿದ ಮೇಲೆ ಬಿಕ್ಕಟ್ಟಿನ ಘಟ್ಟ, ಆಮೇಲೆ ಚೇತರಿಕೆ ಎಂದು ಹೇಳಿದ್ದರು. ಎಲ್ಲರೂ ಇದೇ ಕ್ರಮದಲ್ಲಿ ಸಾಗುವುದಿಲ್ಲವೆಂದೂ ಆಕೆಗೆ ತಿಳಿಸಿದ್ದೇನೆ.

ಈಗ ಅವರು ರಜೆಗೆ ಊರಿಗೆ ಹೊರಟಿದ್ದಾರೆ. ತಂಪಿನಲ್ಲಿ ಕೆಲವು ವಾರ ಕಳೆದರೆ ದೇಹ ಗಳಿಸಿದ ಒಗ್ಗುವಿಕೆ ಕರಗುತ್ತದೆ. ಆದ್ದರಿಂದ, ಹಿಂದಿರುಗಿದ ಮೊದಲ ಎರಡು ವಾರ ಮತ್ತೆ ದಣಿವು ಬರುತ್ತದೆ, ಅಷ್ಟರಲ್ಲಿ ಇಲ್ಲಿರುವುದೋ ಬಿಟ್ಟುಹೋಗುವುದೋ ಎಂಬ ತೀರ್ಮಾನ ಮಾಡಬೇಡಿ ಎಂದು ಇಬ್ಬರಿಗೂ ಹೇಳಿ ಕಳಿಸಿದ್ದೇನೆ.